ಐದು ಗಂಟಿನ ದಾರ, ಎಂಬತ್ತು ಅಡಿ ನೀರು

ಮತ್ತೆ ಕರೆದರು. ಈ ಹಾಳೆಯ ಮುಂದೆ ಕೂತು ಇನ್ನೂ ಅರ್ಧ ಸಾಲು ಆಗಿರಲಿಲ್ಲ, ಮಹಡಿಯ ಬಚ್ಚಲಿನಿಂದ ಕೂಗು ಬಂತು. ಹೋಗಿ ನೋಡಿದರೆ ನಮ್ಮ ಮನೆಯವರು ಟಬ್ಬಿನಲ್ಲಿ ಕಪ್ಪು ರಬ್ಬರ್ ಸೂಟು ಹಾಕಿಕೊಂಡು ಮಲಗಿದ್ದಾರೆ. ಗಾಳಿಯೆಲ್ಲ ಸೂಟಿನ ಪಾದಕ್ಕೆ ಇಳಿದು, ಎರಡೂ ಕಾಲು ಚಾವಣಿ ನೋಡುತ್ತಿವೆ. ತಲೆ ನಲ್ಲಿಯ ಕೆಳಗೆ ಸಿಕ್ಕಿಕೊಂಡಿದೆ.

"ಸ್ವಲ್ಪ ಕಾಲ ಮ್ಯಾಲ ಕುಂಡ್ರು" ಅಂದರು.

ಕೂತೆ. ಕಾಲಲ್ಲಿದ್ದ ಗಾಳಿಯೆಲ್ಲ ಕುತ್ತಿಗೆಯ ಕಡೆಯಿಂದ ಹೊರಗೆ ಬಂತು. ಬಂದ ಸದ್ದು ಹೇಳುವಂಥದ್ದಲ್ಲ. ಬಾಗಿಲಲ್ಲಿ ನಿಂತಿದ್ದ ಏಳು ವರ್ಷದ ಮಗಳು ಕೇಳಿದಳು, "ಮಮ್ಮಾ, ವಾಟ್ ವಾಸ್ ದಟ್?"

"ನಿಮ್ಮ ಪಪ್ಪನ ಹವ್ಯಾಸ" ಅಂದು ಕೆಳಗೆ ಬಂದೆ.

ವೆಸ್ಟ್ ಬ್ಲೂಮ್‌ಫೀಲ್ಡ್‌ನ ನಮ್ಮ ಬಡಾವಣೆಯಲ್ಲಿ ಬೇರೆ ಮನೆಗಳಿಗೆ ವಾರಕ್ಕೊಮ್ಮೆ ಕಸದ ಲಾರಿ ಬರುವಷ್ಟೇ ಖಾತರಿಯಾಗಿ ನಮ್ಮ ಮನೆಗೆ ಇಂಥದೊಂದು ಬರುತ್ತದೆ. ಮುಂದಿನ ಕೂಗು ಬರುವುದರೊಳಗೆ ಬರೆದಷ್ಟು ಬರೆಯುತ್ತೇನೆ.

ಒಂದೇ ಬ್ಯಾಚು

ನಮ್ಮವರು ಡಿಯರ್‌ಬಾರ್ನ್‌ನ ಕಾರು ಕಂಪನಿಯೊಂದರಲ್ಲಿ ಇಂಜಿನಿಯರು. ಅವರ ಮ್ಯಾನೇಜರು ಒಂದು ದಿನ ಊಟದ ಹೊತ್ತಿಗೆ ಫೋಟೋ ತೋರಿಸಿದನಂತೆ. ಹ್ಯೂರನ್ ಸರೋವರದ ತಳದಲ್ಲಿ ನೂರು ವರ್ಷಕ್ಕೂ ಹಿಂದೆ ಮುಳುಗಿದ ಮರದ ಹಡಗು. ಈ ಸರೋವರಗಳ ನೀರು ಸಿಹಿ, ಮಂಜುಗಡ್ಡೆಯ ತಮ್ಮನಷ್ಟು ತಣ್ಣಗೆ. ಅದರಲ್ಲಿ ಮರ ಕೊಳೆಯುವುದಿಲ್ಲವಂತೆ. ಹಡಗು ನಿನ್ನೆ ನಿಲ್ಲಿಸಿಟ್ಟು ಹೋದ ಹಾಗೆ ಕೂತಿದೆಯಂತೆ. ಅವತ್ತು ಮನೆಗೆ ಬಂದವರೇ, "ನಾ ಆ ಹಡಗ ನೋಡಬೇಕು" ಅಂದರು.

"ನಿಮಗ ಈಜಾಕ ಬರತೈತೇನು?"

"ಕಲೀತೀನಿ."

ಕಲಿತರು. ಊರಿನ ಈಜುಕೊಳದಲ್ಲಿ ಹೊಸಬರ ಬ್ಯಾಚಿಗೆ ಸೇರಿದರು. ಅದೇ ಬ್ಯಾಚಿನಲ್ಲಿ ನಮ್ಮ ಮಗಳೂ ಇದ್ದಳು. ಅವಳಿಗೆ ಮೂರು ವಾರ ಮೊದಲೇ ಸರ್ಟಿಫಿಕೇಟ್ ಬಂತು.

ಆಮೇಲೆ ಡೈವಿಂಗಿನ ಪುಸ್ತಕ, ಪರೀಕ್ಷೆ. ಪುಸ್ತಕ ನನ್ನ ಕೈಗೆ ಕೊಟ್ಟು ಪ್ರಶ್ನೆ ಕೇಳು ಅಂದರು. ನಾನು ಓದಿದ್ದು ಹತ್ತನೇ ಕ್ಲಾಸು; ಚಪಾತಿ ಲಟ್ಟಿಸುತ್ತಲೇ ಕೇಳಿದೆ, "ನೀರಿನೊಳಗ ಎಲ್ಲಕ್ಕಿಂತ ದೊಡ್ಡ ನಿಯಮ ಯಾವುದು?" ನಮ್ಮವರು ಒತ್ತಡ, ಗಾತ್ರ, ಆಳ ಅಂತ ನಾಲ್ಕು ಚಪಾತಿ ಬೇಯುವಷ್ಟು ಹೊತ್ತು ಹೇಳಿದರು. ಪುಸ್ತಕದಲ್ಲಿದ್ದ ಉತ್ತರ ಒಂದೇ ಸಾಲು: ಉಸಿರಾಡುವುದನ್ನು ಯಾವತ್ತೂ ನಿಲ್ಲಿಸಬೇಡಿ.

ಇದನ್ನು ನಮ್ಮ ತವರಿನ ಎಮ್ಮೆ ಯಾವ ಕ್ಲಾಸಿಗೂ ಹೋಗದೆ ಪಾಲಿಸುತ್ತಿತ್ತು.

ಮೂರು ಸೀಟಿ

ಇಲ್ಲಿ ನೀರು ತುಂಬಿದ ಹಳೆಯ ಕಲ್ಲು ಕ್ವಾರಿಗಳಲ್ಲಿ ಡೈವಿಂಗ್ ಕಲಿಸುತ್ತಾರೆ. ಮೊದಲ ದಿನ ನಾನೂ ಮಗಳೂ ದಡದಲ್ಲಿ ಡಬ್ಬಿ ಬಿಚ್ಚಿಕೊಂಡು ಕೂತಿದ್ದೆವು. ನಮ್ಮವರು, ಕಲಿಸುವ ಮಾಸ್ತರು ಇಬ್ಬರೂ ಮುಳುಗಿದರು. ಎರಡು ನಿಮಿಷಕ್ಕೆ ಎರಡೂ ತಲೆ ಮೇಲೆ ಬಂದವು. ಏನೋ ಮಾತಾಡಿದರು. ಮತ್ತೆ ಮುಳುಗಿದರು. ಮತ್ತೆ ಬಂದರು.

ಆಗಿದ್ದು ಇಷ್ಟು. ನೀರಿನೊಳಗೆ ಮಾಸ್ತರು ಹೆಬ್ಬೆರಳು ತೋರುಬೆರಳು ಸೇರಿಸಿ 'ಸರಿ ಇದೆಯಾ?' ಅಂತ ಕೇಳುತ್ತಾನೆ. ತಿರುಗಿ ಅದೇ ಸನ್ನೆ ಮಾಡಬೇಕು. ನಮ್ಮವರು ನಮ್ಮ ಕಡೆಯ ಎಲ್ಲರ ಹಾಗೆ ತಲೆಯನ್ನು ಆ ಹೆಗಲಿಗೊಮ್ಮೆ ಈ ಹೆಗಲಿಗೊಮ್ಮೆ ತೂಗಿದರು. ಮಾಸ್ತರು ಅದನ್ನು 'ಇಲ್ಲ, ತೊಂದರೆ ಇದೆ' ಅಂದುಕೊಂಡು ಮೇಲಕ್ಕೆ ಎಳೆದುಕೊಂಡು ಬಂದ. ಮೇಲೆ ಬಂದು, "ಏನು ತೊಂದರೆ?" ಅಂತ ಇಂಗ್ಲಿಷಿನಲ್ಲಿ ಕೇಳಿದರೆ ಇವರು, "ನೋ ಪ್ರಾಬ್ಲಂ" ಅನ್ನುತ್ತಾ ಮತ್ತೆ ತಲೆ ತೂಗಿದರು.

ಮೂರನೇ ಸಲ ತಲೆಗಳು ಮೇಲೆ ಬಂದಾಗ ಮಾಸ್ತರು ಸೋತು ನನ್ನ ಕಡೆ ನೋಡಿ, ನಿನ್ನ ಗಂಡನಿಗೆ ಏನಾಗಿದೆ ಅಂತ ಕೇಳಿದ. ಏನೂ ಆಗಿಲ್ಲ, ಹಾಗೆ ತೂಗಿದರೆ ಹೌದು ಅಂತ, ಸರಿ ಅಂತ, ಸಂತೋಷ ಅಂತ, ನನಗೆ ಬಂದ ಇಂಗ್ಲಿಷಿನಲ್ಲಿ ಹೇಳಿದೆ. "ಹಾಗಾದರೆ ಇಲ್ಲ ಅನ್ನಲು ಏನು ಮಾಡುತ್ತಾರೆ?" ಅಂದ.

ಹನ್ನೊಂದು ವರ್ಷದಿಂದ ಈ ಮನುಷ್ಯ ನನಗೆ ಇಲ್ಲ ಅಂದಿಲ್ಲ, ಹೌದು ಅಂದಿದ್ದನ್ನು ಮಾಡಿಲ್ಲ, ಅಷ್ಟೇ. ಅದನ್ನು ಇಂಗ್ಲಿಷಿನಲ್ಲಿ ಹೇಳಲು ಬರಲಿಲ್ಲ. ಕುಕ್ಕರ್ ಮೂರು ಸೀಟಿ ಹೊಡೆದಾಯಿತು, ಇಳಿಸಿಬಿಡಿ, ಅನ್ನ ಬೆಂದಿರುತ್ತದೆ ಅಂತ ಮನಸ್ಸಿನಲ್ಲೇ ಅಂದುಕೊಂಡೆ.

ಡಬ್ಬಿಗೆ ಹೆಸರಿಲ್ಲ

ತಣ್ಣೀರಿಗೆ ಹಾಕುವ ಸೂಟಿನೊಳಗೆ ಒಂದು ಹನಿಯೂ ಹೋಗಬಾರದು. ಅದಕ್ಕೆ ಮಣಿಕಟ್ಟಿಗೂ ಕುತ್ತಿಗೆಗೂ ಬಿಗಿಯಾದ ರಬ್ಬರ್ ಪಟ್ಟಿ ಇರುತ್ತದೆ. ಪೌಡರ್ ಹಚ್ಚದೆ ಕೈ ತೂರುವುದಿಲ್ಲ. ಒಂದು ಶನಿವಾರ ಪೌಡರ್ ಮುಗಿದಿತ್ತು. ನಾನು ಮಗಳ ಜಡೆ ಹಾಕುತ್ತಿದ್ದೆ. "ಅಡಗಿಮನ್ಯಾಗ ಅಕ್ಕಿಹಿಟ್ಟ ಐತಿ, ಅದನ್ನ ಹಚಗೋರಿ" ಅಂದೆ.

ತಪ್ಪು ನನ್ನದೂ ಹೌದು. ನನ್ನ ಅಡುಗೆಮನೆಯ ಸ್ಟೀಲು ಡಬ್ಬಿಗಳ ಮೇಲೆ ಹೆಸರಿಲ್ಲ. ಯಾವುದರಲ್ಲಿ ಏನಿದೆ ಅಂತ ನನಗೆ ಗೊತ್ತು, ಬೇರೆಯವರಿಗೆ ಗೊತ್ತಾಗಬೇಕಾಗಿಲ್ಲ. ನಮ್ಮವರು ಕಡಲೆಹಿಟ್ಟು ತೆಗೆದು ಕೈಗೆ, ಕುತ್ತಿಗೆಗೆ, ಉಳಿದದ್ದನ್ನು ಸೂಟಿನೊಳಗೂ ಸುರಿದುಕೊಂಡು ಕ್ವಾರಿಗೆ ಹೋದರು.

ಜುಲೈ ತಿಂಗಳ ಬಿಸಿಲು, ತೊಂಬತ್ತು ಡಿಗ್ರಿ ಫ್ಯಾರನ್‌ಹೀಟ್. ರಬ್ಬರಿನೊಳಗೆ ಬೆವರು. ಸಂಜೆ ಗ್ಯಾರೇಜಿನಲ್ಲಿ ನಿಂತು ಸೂಟು ಕಳಚಿದಾಗ ನೋಡಿದೆ. ಹದ ಚೆನ್ನಾಗಿ ಬಂದಿತ್ತು, ಗಂಟಿಲ್ಲ, ನೀರಾಗಿಲ್ಲ. ವಾಪಸ್ ಬರುವ ದಾರಿಯುದ್ದಕ್ಕೂ ಕಾರಿನಲ್ಲಿ ಜೊತೆಗಿದ್ದ ಮ್ಯಾನೇಜರು, ಎಲ್ಲಿಂದಲೋ ಒಳ್ಳೆಯ ವಾಸನೆ ಬರುತ್ತಿದೆ, ಹಸಿವಾಗುತ್ತಿದೆ ಅಂತ ಅನ್ನುತ್ತಲೇ ಇದ್ದನಂತೆ.

"ಏನ್ ಮಾಡಲಿ ಈಗ?" ಅಂದರು ನಮ್ಮವರು, ಕೈ ಎರಡೂ ಎತ್ತಿಕೊಂಡು.

"ಅಲ್ಲೇ ನಿಂದರ್ರಿ" ಅಂದೆ. "ಮೆಣಸಿನಕಾಯಿ ತರತೀನಿ."

ಪ್ರಸಾದವಿಲ್ಲದ ದರ್ಶನ

ಸುದ್ದಿ ಹರಡಿತು. ಇಲ್ಲಿಯ ಕನ್ನಡದವರ ಗಣಪತಿ ಹಬ್ಬದಲ್ಲಿ ಮೈಸೂರು ಕಡೆಯ ಆಂಟಿಯೊಬ್ಬರು ನನ್ನನ್ನು ಪಕ್ಕಕ್ಕೆ ಕರೆದರು.

"ನಿಮ್ಮೆಜಮಾನ್ರು ಹಡಗಿನ ಹತ್ರ ಡೈವ್ ಮಾಡ್ತಾರಂತೆ. ಏನಮ್ಮ ಸಿಗುತ್ತೆ ಅಲ್ಲಿ? ಚಿನ್ನ ಗಿನ್ನ?"

"ಇಲ್ರಿ ಆಂಟಿ. ಜೋಳ, ಗೋಧಿ ಸಾಗಸೋ ಹಡಗಂತ."

"ಅದನ್ನೇ ತರ್ತಾರಾ?"

"ಏನೂ ತರೋ ಹಂಗಿಲ್ರಿ. ಒಂದು ಮೊಳಿ ತಂದ್ರೂ ಕೇಸ್ ಆಗತೈತಿ."

"ಮತ್ಯಾಕಮ್ಮ ಹೋಗ್ತಾರೆ, ಅಷ್ಟು ಚಳೀಲಿ?"

"ನೋಡಿ ಬರಾಕ."

"ನೋಡಿ ಬರೋಕೆ ನಾವೂ ದೇವಸ್ಥಾನಕ್ಕೆ ಹೋಗ್ತೀವಿ. ಅಲ್ಲಿ ಪುಳಿಯೋಗರೆ ಆದ್ರೂ ಕೊಡ್ತಾರೆ."

ಒತ್ತೆ

ನಮ್ಮ ಅತ್ತೆ ಬಾಗಲಕೋಟೆ ಕಡೆಯವರು. ಇಲ್ಲಿಗೆ ಬಂದಾಗ ಮೂರು ತಿಂಗಳು ನಮ್ಮಲ್ಲಿ, ಮೂರು ತಿಂಗಳು ಶಿಕಾಗೋ ಹತ್ತಿರದ ಗ್ಲೆಂಡೇಲ್ ಹೈಟ್ಸ್‌ನಲ್ಲಿ ಮಗಳ ಮನೆಯಲ್ಲಿ. ಮಗ ಒಬ್ಬನೇ. ನಮ್ಮವರು ಚಿಕ್ಕವರಿದ್ದಾಗ ಓರಗೆಯ ಹುಡುಗರೆಲ್ಲ ಊರ ಬಾವಿಯಲ್ಲಿ ಈಜುತ್ತಿದ್ದರೆ ಇವರನ್ನು ಮಾತ್ರ ದಂಡೆಯ ಮೇಲೆ ಕೂರಿಸಿ, ತಮ್ಮ ಸೆರಗಿನ ತುದಿಯನ್ನು ಇವರ ಸೊಂಟಕ್ಕೆ ಕಟ್ಟಿ ಅತ್ತೆ ಬಟ್ಟೆ ಒಗೆಯುತ್ತಿದ್ದರಂತೆ. ಅಂಥವರಿಗೆ ಹಡಗಿನ ವಿಷಯ ಹೇಳುವುದು ಬೇಡ ಅಂತ ನಾವಿಬ್ಬರೂ ಮಾತಾಡಿಕೊಂಡಿದ್ದೆವು. ನಮ್ಮ ಮಗಳ ಜೊತೆ ಮಾತಾಡಿಕೊಳ್ಳುವುದು ಮರೆತಿತ್ತು. ಅವಳು ಚಿತ್ರ ಬರೆದು ಅಜ್ಜಿಗೆ ತೋರಿಸಿದಳು: ಮೇಲೆ ನೀರು, ಕೆಳಗೆ ಹಡಗು, ಹಡಗಿನ ಪಕ್ಕ ಕನ್ನಡಕ ಹಾಕಿಕೊಂಡ ಅಪ್ಪ.

ಅತ್ತೆ ಚಿತ್ರ ಹಿಡಿದುಕೊಂಡೇ ಬಂದರು. "ಈ ಹಡಗ ಯಾಕ ಮುಳುಗತು?"

"ಬಿರುಗಾಳಿಗೆ, ಅವ್ವಾ. ಹಳೇದು."

"ಅಷ್ಟ ದೊಡ್ಡ ಹಡಗನ್ನ ನುಂಗಿದ ನೀರು ನಿನ್ನ ಬಿಡತೈತೇನು? ಆ ನೀರಿಗೆ ರೂಢಿ ಬಿದ್ದೈತಿ."

"ಹಡಗ ಮ್ಯಾಲಿತ್ತು, ಅದಕ್ಕ ಮುಳುಗತು. ನಾ ಮೊದಲ ಮುಳುಗಿ ಹೋಗಾಂವ. ಇನ್ನೇನ್ ಮುಳಗೋದೈತಿ?"

ಇಂಜಿನಿಯರ ಲೆಕ್ಕ. ಮೂರನೇ ದಿನ ಅತ್ತೆ ಪೆಟ್ಟಿಗೆಯಿಂದ ಊರ ದೇವರ ಗುಡಿಯ ಕೆಂಪು ದಾರ ತೆಗೆದರು. ಭಂಡಾರದಲ್ಲಿ, ಅಂದರೆ ದೇವರ ಅರಿಶಿನ ಪುಡಿಯಲ್ಲಿ, ಅದ್ದಿ ಅದ್ದಿ ಕೆಂಪಿನ ಮೇಲೆ ಹಳದಿ ಮೆತ್ತಿಕೊಂಡಿತ್ತು. ಮಗನ ಬಲಗೈಗೆ ಮಣಿಕಟ್ಟು ಕಚ್ಚುವ ಹಾಗೆ ಕಟ್ಟಿ, ಒಂದರ ಮೇಲೊಂದು ಐದು ಗಂಟು ಹಾಕಿದರು. ಆಮೇಲೆ ನನ್ನ ಕಡೆ ತಿರುಗಿದರು.

"ನೀರಿಂದ ಬಂದ ಮ್ಯಾಲ ಇಂವಾ ನನ್ನ ಕಾಲ ಮುಟ್ಟೂ ತನಕ ಇದು ಕೈ ಮ್ಯಾಲ ಇರಬೇಕು. ಜವಾಬ್ದಾರಿ ನಿಂದು. ಹೂಂ ಅನ್ನು."

"ಹೂಂ ರಿ ಅತ್ತಿ."

"ಕೂಸು ನನ್ನ ಜೋಡಿ ಗ್ಲೆಂಡೇಲ್ ಹೈಟ್ಸಿಗೆ ಬರತೈತಿ. ನೀ ನಿನ್ನ ಗಂಡನ್ನ ದಾರ ಸಮೇತ ತಂದು ಒಪ್ಪಸು, ನಿನ್ನ ಮಗಳನ್ನ ಕರಕೊಂಡು ಹೋಗು."

ಹೀಗೆ ಬೇಸಿಗೆ ರಜೆಯಲ್ಲಿ ನನ್ನ ಮಗಳು ಒತ್ತೆಯಾದಳು. ಅವಳಿಗೆ ಏನೂ ಬೇಸರವಿರಲಿಲ್ಲ. ಅಲ್ಲಿ ಮೂರು ಹೊತ್ತೂ ಪಿಜ್ಜಾ.

ಹಲ್ಲು, ಪಿನ್ನು

ಆ ಶನಿವಾರ ನಾಲ್ಕು ಗಂಟೆ ಉತ್ತರಕ್ಕೆ ಡ್ರೈವ್ ಮಾಡಿಕೊಂಡು ಹೋದೆವು. ದಡದಲ್ಲಿ ಅಂಗಡಿಯಿಂದ ಬಾಡಿಗೆಗೆ ಗಾಳಿಯ ಸಿಲಿಂಡರುಗಳು, ಬಿಳಿ ಗಡ್ಡದ ಕ್ಯಾಪ್ಟನ್ನಿನ ದೋಣಿ, ನಮ್ಮವರು, ಜೊತೆಗೆ ಡೈವ್ ಮಾಡುವ ಮ್ಯಾನೇಜರು, ಇನ್ನೂ ನಾಲ್ಕು ಜನ. ನಾನು ಚಪಾತಿ, ಶೇಂಗಾ ಚಟ್ನಿ, ಥರ್ಮಾಸಿನಲ್ಲಿ ಚಹಾ ಇಟ್ಟುಕೊಂಡು ಮೂಲೆಯಲ್ಲಿ ಕೂತಿದ್ದೆ. ದಿನಕ್ಕೆ ಎರಡು ಡೈವು. ಆ ವರ್ಷ ಆ ಹಡಗಿಗೆ ಅದೇ ಕೊನೆಯ ಟ್ರಿಪ್ಪು.

ಮೊದಲ ಡೈವಿಗೆ ನಮ್ಮವರು ಎಲ್ಲರಿಗಿಂತ ಮೊದಲು ಇಳಿದು, ಎಲ್ಲರಿಗಿಂತ ಮೊದಲು ಎದ್ದರು. ಎಂಟೇ ನಿಮಿಷ. ತುಟಿ ನೀಲಿ, ಹಲ್ಲು ಕಟಕಟ. ಬಲಗೈ ಎತ್ತಿದರೆ ತೋಳು ನೀರು ತುಂಬಿದ ಚೀಲದ ಹಾಗೆ ಜೋತಾಡಿತು. ಕ್ಯಾಪ್ಟನ್ ಮಣಿಕಟ್ಟಿನ ರಬ್ಬರ್ ಸರಿಸಿ ನೋಡಿದ. ಅದರಡಿಯಲ್ಲಿ ಅತ್ತೆಯ ದಾರ. ಐದು ಗಂಟು ರಬ್ಬರನ್ನು ಎತ್ತಿ ಹಿಡಿದು, ಫ್ರಿಜ್ಜಿನ ನೀರಿನಷ್ಟು ತಣ್ಣಗಿನ, ನಲವತ್ತೆರಡು ಡಿಗ್ರಿ ಫ್ಯಾರನ್‌ಹೀಟಿನ ಹ್ಯೂರನ್ ಸರೋವರಕ್ಕೆ ಒಳ್ಳೆಯ ಕಾಲುವೆ ಮಾಡಿಕೊಟ್ಟಿತ್ತು.

ನೀರಿಂದ ಕಾಯಲೆಂದು ಕಟ್ಟಿದ್ದ ದಾರವೇ ನೀರನ್ನು ಒಳಗೆ ಕರೆದಿತ್ತು.

"ಹಡಗ ನೋಡಿದ್ರೇನು?" ಅಂದೆ.

"ಹಗ್ಗ ನೋಡಿದೆ." ಹಡಗಿನವರೆಗೆ ಇಳಿಯಲು ಕಟ್ಟಿದ್ದ ಹಗ್ಗ. ಒಂದು ವರ್ಷ ಕಲಿತು, ನಾಲ್ಕು ಗಂಟೆ ಬಂದು, ಹಗ್ಗ ನೋಡಿ ಎದ್ದಿದ್ದರು. ಮುಖ ನೋಡಲಾಗಲಿಲ್ಲ.

ಕ್ಯಾಪ್ಟನ್ ಎರಡೇ ಮಾತು ಹೇಳಿದ. ದಾರ ತೆಗೆಯಬೇಕು, ಇಲ್ಲವಾದರೆ ಎರಡನೇ ಡೈವು ಇಲ್ಲ. ಹೇಳಿ ಸೊಂಟದಿಂದ ಚಾಕು ತೆಗೆದ.

"ನೋ ನೈಫ್" ಅಂದೆ. ಕೊಯ್ಯುವ ಹಾಗಿಲ್ಲ. ಅತ್ತೆಗೆ ಫೋನ್ ಹಚ್ಚೋಣ ಅಂದರೆ ನಡುನೀರಿನಲ್ಲಿ ಸಿಗ್ನಲ್ ಇಲ್ಲ. ಒಂದು ಗಂಟೆ ಬಿಡುವು ಇತ್ತು. ದಾರ ಬಿಚ್ಚಿದರೆ ಅತ್ತೆಗೆ ಕೊಟ್ಟ ಮಾತು ಹೋಗುತ್ತದೆ. ಬಿಚ್ಚದಿದ್ದರೆ ಈ ಮನುಷ್ಯ ಮುಂದಿನ ಬೇಸಿಗೆಯವರೆಗೂ ಹಗ್ಗದ ಕಥೆ ಹೇಳುತ್ತಾರೆ, ಅದನ್ನು ಕೇಳುವವಳು ನಾನು.

ಬಳೆಗೆ ಸಿಕ್ಕಿಸಿದ್ದ ಪಿನ್ನು ತೆಗೆದೆ. ನಮ್ಮ ಕಡೆಯ ಹೆಣ್ಣುಮಕ್ಕಳು ಬಂಗಾರ ಇಲ್ಲದೆ ಹೊರಬಿದ್ದಾರು, ಪಿನ್ನು ಇಲ್ಲದೆ ಹೊರಬೀಳುವುದಿಲ್ಲ. ನೆನೆದ ಗಂಟು, ಅದೂ ಅತ್ತೆ ಹಾಕಿದ್ದು. ದೋಣಿಯವರೆಲ್ಲ ಸುತ್ತ ಸೇರಿದರು. ಮ್ಯಾನೇಜರು ನೀರಿನೊಳಗಿನ ಟಾರ್ಚು ಹಿಡಿದ. ಒಂದು ಗಂಟು ಬಿಚ್ಚಿದ ಕೂಡಲೇ ಯಾರೋ ಚಪ್ಪಾಳೆ ತಟ್ಟಿದರು. ನಾಲ್ಕು ಗಂಟು ಪಿನ್ನಿಗೆ ಬಿಚ್ಚಿದವು, ಐದನೆಯದು ಹಲ್ಲಿಗೆ.

ಈಗ ಇದನ್ನು ಎಲ್ಲಿ ಕಟ್ಟುವುದು? ಕುತ್ತಿಗೆಗೂ ರಬ್ಬರ್ ಇದೆ. ಕಾಲಿಗೆ ದೇವರ ದಾರ ಕಟ್ಟಬಾರದು.

"ನಿಮ್ಮ ಉಡದಾರಾ ಎಲ್ಲೈತಿ? ಅದಕ್ಕ ಕಟ್ಟತೀನಿ."

"ಅದನ್ನ ತಗದ ಎಂಟ್ ವರ್ಷ ಆತು. ಬೆಳ್ಳೀದು, ಏರ್‌ಪೋರ್ಟಿನ್ಯಾಗ ಬೀಪ್ ಬೀಪ್ ಅಂತಿತ್ತು."

ಆಗ ಬೆನ್ನಿಗೆ ಹಾಕುವ ಸಿಲಿಂಡರ್ ಕಣ್ಣಿಗೆ ಬಿತ್ತು. ಹೊಸ ಕಾರಿನ ಕನ್ನಡಿಗೆ ಕಟ್ಟುತ್ತೇವೆ, ಹೊಲಿಗೆ ಮಿಷಿನ್ನಿಗೆ ಕಟ್ಟುತ್ತೇವೆ. ಎಂಬತ್ತು ಅಡಿ ಕೆಳಗೆ ಈ ಮನುಷ್ಯನ ಜೀವ ಇರುವುದು ಕೈಯಲ್ಲಲ್ಲ, ಅದರಲ್ಲಿ. ಅದರ ಕುತ್ತಿಗೆಗೆ ಕಟ್ಟಿ, ಲೆಕ್ಕ ಮಾಡಿ ಐದು ಗಂಟು ಹಾಕಿದೆ. ಕ್ಯಾಪ್ಟನ್ ತಿರುಪು ತಿರುಗುತ್ತದೆಯೇ ಅಂತ ನೋಡಿ, ಸರಿ ಅಂದ.

ಇಳಿದರು. ನಾನು ಗುಳ್ಳೆ ನೋಡುತ್ತಾ ಕೂತೆ. ಬಾಯಿಗೆ ಬಂದ ದೇವರಿಗೆಲ್ಲ ಕಾಯಿ ಹೇಳಿಕೊಂಡೆ. ಒಂದು ಸಲ ಗುಳ್ಳೆ ಕಾಣದೆ ಹೋದಾಗ ಕ್ಯಾಪ್ಟನ್ನಿನ ಕೈಗೆ ಸುಮ್ಮನೆ ಒಂದು ಚಪಾತಿ ಕೊಟ್ಟೆ, ಏನಾದರೂ ಮಾಡಬೇಕಿತ್ತು. ಮೂವತ್ತೊಂದು ನಿಮಿಷಕ್ಕೆ ತಲೆ ಮೇಲೆ ಬಂತು. ಕ್ಯಾಪ್ಟನ್ ದೂರದಿಂದ ಸರಿ ಇದೆಯಾ ಅಂತ ಸನ್ನೆ ಮಾಡಿದ. ನಮ್ಮವರು ನೀರಿನಲ್ಲೇ ತಲೆಯನ್ನು ಆ ಹೆಗಲಿಗೊಮ್ಮೆ ಈ ಹೆಗಲಿಗೊಮ್ಮೆ ತೂಗಿದರು. ಕ್ಯಾಪ್ಟನ್ ಗಾಬರಿಯಾಗಿ ಹಗ್ಗ ಎಸೆಯಲು ಹೋದ. "ಬೇಡ ಬೇಡ, ಅದು ಸಂತೋಷ" ಅಂತ ತಡೆದೆ.

ಚಹಾ ಕುಡಿಯುತ್ತಾ ಹೇಳಿದರು, "ಹಡಗಿನ ಅಡಗಿಮನಿ ಹಂಗಽ ಐತಿ ನೋಡು. ಒಲಿ ಐತಿ. ಒಲಿ ಪಕ್ಕಕ್ಕ ಕಿಟ್ಲಿ ಇಟ್ಟಂಗಽ ಐತಿ. ನೂರು ವರ್ಷ."

"ಹೌದು ಮತ್ತ" ಅಂದೆ. "ಅಲ್ಲಿ ನಿಮ್ಮಂಥವರು ಯಾರೂ ಪೌಡರ್ ಹುಡುಕಿಲ್ಲ."

ಪೇಡೆ ವಾಸನೆ

ರಾತ್ರಿ ಅಲ್ಲೇ ಮೋಟೆಲಿನಲ್ಲಿ ಉಳಿದು, ಭಾನುವಾರ ಮಗಳನ್ನು ಬಿಡಿಸಿಕೊಳ್ಳಲು ಹೊರಟೆವು. ಕಲಮಜೂ ದಾಟಿದ ಮೇಲೆ ಸ್ಟೇರಿಂಗಿನ ಮೇಲಿದ್ದ ಅವರ ಬಲಗೈ ನೋಡಿದೆ. ಬೋಳು.

"ರೀ, ದಾರ?"

"ನೀನಽ ಕಟ್ಟಿದ್ಯಲ್ಲ, ಸಿಲಿಂಡರಿಗೆ."

"ಸಿಲಿಂಡರ್ ಎಲ್ಲೈತಿ?"

ಅವರು ಹೆದ್ದಾರಿಯ ಮುಂದಿನ ಎಕ್ಸಿಟ್ ತೆಗೆದುಕೊಂಡರು. ಸಿಲಿಂಡರನ್ನು ನಿನ್ನೆ ಸಂಜೆಯೇ ಅಂಗಡಿಗೆ ವಾಪಸ್ ಕೊಟ್ಟಿದ್ದೆವು. ಪೆಟ್ರೋಲ್ ಬಂಕಿನಲ್ಲಿ ನಿಂತು ಫೋನ್ ಮಾಡಿದರೆ ಅಂಗಡಿಯವನು ಬಹಳ ಮರ್ಯಾದಸ್ಥ. ಹೌದು, ಕೆಂಪು ದಾರ ಇತ್ತು, ಏನೋ ಗುರುತಿಗೆ ಕಟ್ಟಿದ್ದಾರೆ ಅಂತ ಬಿಚ್ಚಲಿಲ್ಲ, ಗಾಳಿ ತುಂಬಿಸಿಟ್ಟೆ, ಬೆಳಿಗ್ಗೆ ಯಾರೋ ಒಬ್ಬರು ಆ ಸಿಲಿಂಡರ್ ತೆಗೆದುಕೊಂಡು ಡೈವಿಗೆ ಹೋಗಿದ್ದಾರೆ ಅಂದ.

ಐವತ್ತು ಮೈಲಿ ಆದ ಮೇಲೆ ನಮ್ಮವರು ಒಂದು ಉಪಾಯ ಹೇಳಿದರು. ಗ್ಲೆಂಡೇಲ್ ಹೈಟ್ಸ್ ಹತ್ತಿರದ ನಮ್ಮ ದೇಶದವರ ಮಿಠಾಯಿ ಅಂಗಡಿಯಲ್ಲಿ ಡಬ್ಬಿಗೆ ಕೆಂಪು ದಾರವನ್ನೇ ಕಟ್ಟಿಕೊಡುತ್ತಾರೆ. ಅವ್ವನಿಗೆ ಹತ್ತಿರದ್ದು ಕಣ್ಣಿಗೆ ಮಂಜು. ನಾನು ಬೇಡ ಅಂದೆನೇ? ಅನ್ನಲಿಲ್ಲ. ನನ್ನ ಮಗಳು ಅಲ್ಲಿದ್ದಳು. ಒಂದು ಪೌಂಡ್ ಪೇಡೆ ಕೊಂಡು, ಕಾರಿನಲ್ಲಿ ಕೂತು, ಡಬ್ಬಿಯ ದಾರ ಬಿಚ್ಚಿ ಗಂಡನ ಕೈಗೆ ಕಟ್ಟಿದೆ. ಐದು ಗಂಟು. ಎರಡು ದಿನದಲ್ಲಿ ಹತ್ತು ಗಂಟು ಹಾಕಿದ ಹಾಗಾಯಿತು. ಮದುವೆಯಲ್ಲಿ ಅವರು ನನಗೆ ಹಾಕಿದ್ದು ಮೂರೇ.

ನಾದಿನಿಯ ಮನೆಯಲ್ಲಿ ಅತ್ತೆ ಬಾಗಿಲ ಎದುರೇ ಕುರ್ಚಿ ಹಾಕಿಕೊಂಡು ಕೂತಿದ್ದರು. ಮಗ ಕಾಲು ಮುಟ್ಟಿದರು. ಅತ್ತೆ ಎರಡೂ ಕೈಯಿಂದ ಮಗನ ಮುಖ ಮುಟ್ಟಿ ನೋಡಿದರು, ಹೆಗಲು ಮುಟ್ಟಿ ನೋಡಿದರು, ಆಮೇಲೆ ಬಲಗೈ ಹಿಡಿದು ಮೂಗಿನ ಹತ್ತಿರ ತಂದುಕೊಂಡರು.

"ಇದು ಯಾವ ದೇವರ ದಾರಾ?"

"ನೀ ಕಟ್ಟಿದ್ದಽ ಅವ್ವಾ."

"ನನ್ನ ದಾರಕ್ಕ ಭಂಡಾರದ ವಾಸನಿ ಇತ್ತು. ಇದಕ್ಕ ಪೇಡೆ ವಾಸನಿ ಐತಿ."

ಅಷ್ಟರಲ್ಲಿ ನನ್ನ ಮಗಳು ಡಬ್ಬಿ ತಿರುಗಿಸಿ ನೋಡಿ, "ಮಮ್ಮಾ, ವೇರ್ ಈಸ್ ದ ಸ್ಟ್ರಿಂಗ್?" ಅಂದಳು. ಒತ್ತೆಯಿಟ್ಟ ಕೂಸು ಯಾರ ಪಕ್ಷ ಅಂತ ಆಗ ತಿಳಿಯಿತು.

ನಾನು ನೆಲದ ಮೇಲೆ ಕೂತು ಎಲ್ಲ ಹೇಳಿದೆ. ರಬ್ಬರು, ಕಾಲುವೆ, ನೀಲಿ ತುಟಿ.

"ಕೊಯ್ದೇನು?" ಅಂದರು ಅತ್ತೆ.

"ಇಲ್ರಿ ಅತ್ತಿ. ಬಿಚ್ಚಿದೆ. ನಾಕು ಪಿನ್ನಿಂದ, ಒಂದು ಹಲ್ಲಿಂದ."

"ಹೂಂ. ಎಲ್ಲಿ ಕಟ್ಟಿದಿ?"

"ಉಸಿರಿನ ಸಿಲಿಂಡರಿಗೆ."

ಅತ್ತೆ ಪಿನ್ನಿದ್ದ ನನ್ನ ಬಳೆ ಮುಟ್ಟಿ ನೋಡಿದರು. "ಶಾಣ್ಯಾಕಿ ಇದ್ದಿ" ಅಂದರು. ಹನ್ನೊಂದು ವರ್ಷದಲ್ಲಿ ಮೊದಲ ಸಲ. ನಮ್ಮವರು ಅತ್ತ ಕಡೆ ಪೇಡೆಗೆ ಕೈ ಹಾಕಿದ್ದರು. ಮುಗಿಯಿತು, ಮಗಳನ್ನು ಕರೆದುಕೊಂಡು ಹೊರಡಬಹುದು ಅಂದುಕೊಂಡೆ.

"ಈಗ ಆ ದಾರ ಎಲ್ಲೈತಿ?"

ಬೆಳಿಗ್ಗೆ ಯಾರೋ ಗೊತ್ತಿಲ್ಲದವರು ಅದೇ ಸಿಲಿಂಡರ್ ಬೆನ್ನಿಗೆ ಹಾಕಿಕೊಂಡು ನೀರಿಗೆ ಹೋಗಿದ್ದಾರೆ ಅಂದೆ. ಅತ್ತೆ ಬೈಯುತ್ತಾರೆ ಅಂತ ತಲೆ ತಗ್ಗಿಸಿದೆ. ಅವರು ಬೈಯಲಿಲ್ಲ. ಗೋಡೆಯ ಗಡಿಯಾರ ನೋಡಿದರು. ಸಂಜೆ ಐದು. ನನ್ನ ಕೈಲಿದ್ದ ಫೋನ್ ನೋಡಿದರು.

"ಅಂವಾ ಯಾರ ಮಗನೋ ಏನೋ" ಅಂದರು. "ಮ್ಯಾಲ ಬಂದಾನೋ ಇಲ್ಲೋ, ಕೇಳೀಯೇನು?"